ಅವ್ವನ ಕಣ್ಣು ನೆಟ್ಟಗಾದ ಆ ನಾಲ್ಕನೇ ದಿನ

ಹೋಳಿ ಆದ ಮೇಲೆ ನಮ್ಮ ಕಲಬುರಗಿಯಲ್ಲಿ ಅಪ್ಪನ ಜಾತ್ರೆ. ಶರಣಬಸವೇಶ್ವರರ ತೇರು ಎಳೆಯುವ ಸಂಜೆ ಊರಿಗೆ ಊರೇ ಗುಡಿಯ ಮುಂದೆ ಇರುತ್ತದೆ. ಆ ವರ್ಷ ಅವ್ವ ನನ್ನ ಭುಜ ಹಿಡಿದುಕೊಂಡು ನಿಂತಿದ್ದಳು. ತೇರು ಹೊರಟಿತು. ಎಲ್ಲರೂ ಬಾಳೆಹಣ್ಣು, ಉತ್ತತ್ತಿ ಎಸೆದರು. ಅವ್ವನ ಕೈಯಲ್ಲಿ ಹಣ್ಣು ಹಾಗೇ ಉಳಿಯಿತು.

"ಯಾವ ತೇರಿಗಿ ಒಗೀಬೇಕವ್ವ? ಎರಡ ಅದಾವಲ್ಲ," ಅಂದಳು.

ಬಿಸಿಲಿಗೆ ಬಂದ ತಲೆಸುತ್ತು ಇರಬೇಕು ಅಂದುಕೊಂಡೆ. ನೀರು ಕುಡಿಸಿದೆ. ಆಮೇಲೆ ಅವಳೇ ಎಡಗಣ್ಣನ್ನು ಸೆರಗಿನಿಂದ ಮುಚ್ಚಿಕೊಂಡಳು. "ಈಗ ಒಂದ ಆಯ್ತು ನೋಡು," ಅಂದು ಹಣ್ಣು ಎಸೆದಳು.

ನಾನು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಮೆದುಳಿನಿಂದ ಹೊರಡುವ 12 ಜೊತೆ ನರಗಳ ಹೆಸರು ನನಗೆ ಬಾಯಿಪಾಠ. ಒಂದು ಕಣ್ಣು ಮುಚ್ಚಿದರೆ ಎರಡು ಒಂದಾಗುತ್ತದೆ ಅಂದರೆ ಎರಡೂ ಕಣ್ಣು ಒಂದೇ ಕಡೆ ತಿರುಗುತ್ತಿಲ್ಲ ಎಂದು ಅರ್ಥ. ಕಣ್ಣನ್ನು ಹೊರಗಡೆಗೆ ತಿರುಗಿಸುವುದು ಆರನೇ ನರ. ಇದನ್ನು ನಾನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಅವ್ವನ ಮುಖ ನೋಡಿ ಅದು ನೆನಪಿಗೆ ಬರಲಿಲ್ಲ. ಅದಕ್ಕೇ ಈ ಬರಹ. ಇಂಥದ್ದು ಯಾರ ಮನೆಯಲ್ಲಾದರೂ ಆದರೆ ನಮಗಿಂತ ಮೊದಲೇ ಅವರಿಗೆ ದಾರಿ ಸಿಗಲಿ ಎಂಬ ಆಸೆ.

ನಿಜ ಹೇಳಬೇಕೆಂದರೆ ಶುರುವಾಗಿದ್ದು ಜಾತ್ರೆಗಿಂತ ಮೂರು ತಿಂಗಳು ಮುಂಚೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಅವ್ವನ ಮೇಲ್ತುಟಿಯ ಮೇಲೆ ಸಜ್ಜೆ ರೊಟ್ಟಿಯ ಚೂರು ಅಂಟಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಎಡಗೆನ್ನೆ ಜೋಮು ಹಿಡಿದಂತಿದೆ ಅನ್ನುತ್ತಿದ್ದಳು. ರಾತ್ರಿ ಮೇಲಿನ ದವಡೆ ಸೆಳೆತ. ಹಲ್ಲಿನದೇ ನೋವು ಎಂದು ಒಂದು ಹಲ್ಲು ಕೀಳಿಸಿದೆವು. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಜಾತ್ರೆಯ ಮಾರನೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋದೆವು. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಇದ್ದವರಿಗೆ ಆರನೇ ನರ ಹೀಗೆ ಸೋಲುವುದುಂಟು, ಎಷ್ಟೋ ಜನರಿಗೆ ಮೂರು ತಿಂಗಳಲ್ಲಿ ತಾನೇ ಸರಿಹೋಗುತ್ತದೆ ಎಂದರು. ಅದು ತಪ್ಪು ಮಾತಲ್ಲ. ಆದರೆ ಕೆನ್ನೆಯ ಜೋಮನ್ನು ನಾವು ಅವರಿಗೆ ಹೇಳಲಿಲ್ಲ. ಅದು ಹಲ್ಲಿನ ಲೆಕ್ಕ, ಇದು ಕಣ್ಣಿನ ಲೆಕ್ಕ ಅಂದುಕೊಂಡಿದ್ದೆವು. ಎರಡು ಬೇರೆ ಬೇರೆ ನರ ಒಂದೇ ಕಡೆ ಕೆಟ್ಟಿದ್ದರೆ ಅವೆರಡೂ ಒಟ್ಟಿಗೆ ಸಾಗುವ ಜಾಗವನ್ನು ಹುಡುಕಬೇಕು. ಸಕ್ಕರೆಯ ಮೇಲೆ ಹಾಕಿ ಸುಮ್ನೆ ಕೂರಬಾರದು.

ಆ ಜಾಗವೇ ತಲೆಬುರುಡೆಯ ತಳ.

ಬುರುಡೆ ಅಂದರೆ ನಮ್ಮ ಕಣ್ಣಿಗೆ ಬರುವುದು ಮೇಲಿನ ಗುಂಡನೆಯ ಚಿಪ್ಪು. ಮೆದುಳು ಕೂತಿರುವ ನೆಲವನ್ನು ಯಾರೂ ನೆನೆಯುವುದಿಲ್ಲ. ನಮ್ಮ ಮನೆಗೆ ಶಹಾಬಾದಿ ಪರಸಿ ಹಾಸಿದೆ. ಬಚ್ಚಲಿನಲ್ಲಿ ಪೈಪು ಇಳಿಯಲಿ ಎಂದು ಕಲ್ಲಿಗೆ ಅಲ್ಲಲ್ಲಿ ತೂತು ಹೊಡೆದಿದ್ದಾರೆ. ಬುರುಡೆಯ ತಳವೂ ಹಾಗೇ. ಕಣ್ಣಿಗೆ, ಕೆನ್ನೆಗೆ, ದವಡೆಗೆ, ಕಿವಿಗೆ, ಗಂಟಲಿಗೆ, ನಾಲಿಗೆಗೆ ಹೋಗುವ ನರಗಳೆಲ್ಲ ಆ ಮೂಳೆಯ ತೂತುಗಳಿಂದಲೇ ಇಳಿಯಬೇಕು. ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವೂ ಅಲ್ಲಿಂದಲೇ ಹತ್ತಬೇಕು. ಮೂಗಿನ ಹಿಂದೆ, ಪಿಟ್ಯುಟರಿ ಗ್ರಂಥಿಯ ಎರಡೂ ಪಕ್ಕದಲ್ಲಿ ಕ್ಯಾವರ್ನಸ್ ಸೈನಸ್ ಎಂಬ ಪುಟ್ಟ ಜಾಗವಿದೆ. ಕಣ್ಣು ತಿರುಗಿಸುವ ಮೂರು, ನಾಲ್ಕು ಮತ್ತು ಆರನೇ ನರಗಳು, ಮುಖದ ಸ್ಪರ್ಶ ತಿಳಿಸುವ ಐದನೇ ನರದ ಮೇಲಿನ ಎರಡು ಕವಲು, ಎಲ್ಲವೂ ಅಲ್ಲೇ ಒತ್ತಾಗಿ ಸಾಗುತ್ತವೆ. ಮೂರು, ನಾಲ್ಕು, ಐದು ಗೋಡೆಯೊಳಗೆ ಇರುತ್ತವೆ. ಆರನೆಯದು ಮಾತ್ರ ನಡುಮಧ್ಯೆ, ರಕ್ತನಾಳಕ್ಕೆ ಅಂಟಿಕೊಂಡು. ಅವ್ವನ ಕೆನ್ನೆ ಮತ್ತು ಕಣ್ಣು ಎರಡೂ ಆ ಜಾಗವನ್ನೇ ಬೊಟ್ಟು ಮಾಡಿ ತೋರಿಸುತ್ತಿದ್ದವು. ಅಲ್ಲಿನ ರೋಗ ಮೊದಲು ವಿಳಾಸ ಹೇಳುತ್ತದೆ. ಹೆಸರು ಹೇಳುವುದು ತುಂಬಾ ತಡವಾಗಿ.

ಏಪ್ರಿಲ್‌ನಲ್ಲಿ ತಲೆನೋವು ವಿಪರೀತವಾಯಿತು. ರಾತ್ರಿಯೆಲ್ಲ ಕೂತೇ ಇರುತ್ತಿದ್ದಳು. ಒಬ್ಬ ಡಾಕ್ಟರ್ ನೋಡಿದರು. ಅವರ ಹೆಸರು, ಊರು ಬೇಡ. ನರಕ್ಕೆ ಬಾವು ಬಂದಿದೆ ಎಂದು ಸ್ಟೆರಾಯ್ಡ್ ಗುಳಿಗೆ ಬರೆದರು. ಸ್ಕ್ಯಾನ್ ಆಮೇಲೆ ನೋಡೋಣ ಎಂದರು.

ನಾಲ್ಕನೇ ದಿನ ಬೆಳಿಗ್ಗೆ ಅವ್ವ ಅಡುಗೆಮನೆಯಿಂದ ಕೂಗಿದಳು. ಹಂಚಿನ ಮೇಲೆ ಒಂದೇ ರೊಟ್ಟಿ! ಓಡಿ ಹೋಗಿ ನೋಡಿದೆ. ಕಣ್ಣು ನೆಟ್ಟಗಾಗಿತ್ತು. ತಲೆನೋವು ಇಲ್ಲ. ಕೆನ್ನೆಗೂ ಸ್ವಲ್ಪ ಜೀವ ಬಂದಂತಿತ್ತು. ಅಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದೆವು. ಆ ಡಾಕ್ಟರ ಕೈಗುಣ ಎಂಥದ್ದು ಎಂದು ಓಣಿಯಲ್ಲೆಲ್ಲ ಹೇಳಿದೆವು.

ಆ ಬೆಳಿಗ್ಗೆಯನ್ನು ಈಗ ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ನಮ್ಮ ಕಡೆ ಆರಾಮಾಯಿತು ಅಂದರೆ ರೋಗ ಹೋಯಿತು ಅಂತಲೇ ಅರ್ಥ. ಇಲ್ಲಿ ಆರಾಮಾಗಿದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ಅಷ್ಟು ದಿನ ಸೋತಿದ್ದ ನರ ಗುಳಿಗೆ ತಿಂದ ನಾಲ್ಕೇ ದಿನಕ್ಕೆ ಎದ್ದು ನಿಂತರೆ, ಅದನ್ನು ಒತ್ತುತ್ತಿದ್ದದ್ದು ಏನೋ ಕರಗಿದೆ ಎಂದಾಯಿತು. ಸ್ಟೆರಾಯ್ಡ್‌ಗೆ ಅಷ್ಟು ಬೇಗ ಕರಗುವಂಥದ್ದು ಯಾವುದು ಎಂದು ಅವತ್ತೇ ಕೇಳಬೇಕಿತ್ತು, ಅಲ್ವಾ?

ಗುಳಿಗೆ ಮುಗಿದು ಮೂರು ವಾರಕ್ಕೆ ಎಲ್ಲ ವಾಪಸ್ ಬಂತು. ಈ ಸಲ ಎಡಗಣ್ಣಿನ ರೆಪ್ಪೆಯೂ ಇಳಿಯಿತು. ಅಂದರೆ ಮೂರನೇ ನರವೂ ಸೋತಿತ್ತು. ಆಗ ಎಂಆರ್‌ಐ ಮಾಡಿಸಿದೆವು. ಬುರುಡೆಯ ತಳದಲ್ಲಿ ಎಡಕ್ಕೆ, ಕ್ಯಾವರ್ನಸ್ ಸೈನಸ್ ತುಂಬಿಕೊಂಡು, ಮೂಗಿನ ಹಿಂದಿನ ಸ್ಫೀನಾಯ್ಡ್ ಸೈನಸ್ ಎಂಬ ಮೂಳೆಯ ಪೊಳ್ಳಿನವರೆಗೂ ಇಳಿದಿರುವ ಒಂದು ಗಡ್ಡೆ ಕಂಡಿತು. ವರದಿಯ ಕೊನೆಯಲ್ಲಿ ನಾಲ್ಕು ಹೆಸರಿದ್ದವು. ಮೆದುಳಿನ ಹೊದಿಕೆಯಲ್ಲಿ ಬೆಳೆಯುವ ಗಡ್ಡೆ ಮೆನಿಂಜಿಯೋಮಾ, ಬಿಳಿ ರಕ್ತಕಣದ ಕ್ಯಾನ್ಸರ್ ಲಿಂಫೋಮಾ, ಕ್ಷಯ, ಫಂಗಸ್. ನಾಲ್ಕರಲ್ಲಿ ಒಂದು ಇರಬಹುದು.

ನಾಲ್ಕೂ ಒಂದೇ ಜಾಗದಲ್ಲಿ ಬರಬಹುದು. ನಾಲ್ಕಕ್ಕೂ ಔಷಧಿ ಬೇರೆ. ಮೆನಿಂಜಿಯೋಮಾ ಆದರೆ ಆಪರೇಷನ್ನು, ಇಲ್ಲವೇ ವಿಕಿರಣ. ಕ್ಷಯ ಆದರೆ ತಿಂಗಳುಗಟ್ಟಲೆ ಗುಳಿಗೆ. ಫಂಗಸ್ ಆದರೆ ಸ್ಟೆರಾಯ್ಡ್ ವಿಷ ಇದ್ದಂತೆ. 2021ರ ಕೋವಿಡ್ ಅಲೆಯಲ್ಲಿ ಕಪ್ಪು ಫಂಗಸ್ ನಮ್ಮ ಭಾಗದಲ್ಲೂ ಎಷ್ಟು ಮನೆಗಳನ್ನು ಕೆಡಿಸಿತು ಎಂದು ನೋಡಿದ್ದೇವೆ. ಸಕ್ಕರೆ ಕಾಯಿಲೆ, ಅದರ ಮೇಲೆ ಸ್ಟೆರಾಯ್ಡ್. ಅವ್ವನಿಗೂ ಅವೆರಡೂ ಇದ್ದವು. ವರದಿ ಓದಿ ನನ್ನ ಕೈ ತಣ್ಣಗಾಯಿತು. ಇನ್ನು ಲಿಂಫೋಮಾ ಆದರೆ ಕತ್ತಿಯ ಕೆಲಸವೇ ಇಲ್ಲ, ಕೀಮೋ.

ಎಂಆರ್‌ಐನಲ್ಲಿ ಸುಳಿವು ಇತ್ತು ಎಂದು ಮುಂದೆ ಒಬ್ಬರು ವಿವರಿಸಿದರು. ಲಿಂಫೋಮಾದ ಜೀವಕೋಶಗಳು ಸಂತೆಯ ಜನರಂತೆ ಒತ್ತೊತ್ತಾಗಿ ಇರುತ್ತವೆ. ನಡುವೆ ನೀರಿನ ಕಣಗಳು ಅತ್ತಿತ್ತ ಓಡಾಡಲು ಜಾಗ ಇರುವುದಿಲ್ಲ. ಡಿಫ್ಯೂಷನ್ ಎಂಬ ಚಿತ್ರದಲ್ಲಿ ಆ ತಡೆ ಬೆಳ್ಳಗೆ ಹೊಳೆಯುತ್ತದೆ. ಆದರೂ ಚಿತ್ರ ಚಿತ್ರವೇ. ತುಣುಕು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಡದೆ ಯಾರೂ ಖಚಿತವಾಗಿ ಹೇಳಲಾರರು.

ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಮೂಗಿನ ಮೂಲಕ ದುರ್ಬೀನು ಇಳಿಸಿ ತುಣುಕು ತೆಗೆದರು. ಮುಖದ ಮೇಲೆ ಒಂದು ಗೀರೂ ಇಲ್ಲ. ಆದರೆ ಅದಕ್ಕೆ ಮೊದಲು ಹತ್ತು ದಿನ ಬಾವು ಇಳಿಯಲಿ ಎಂದು ಮತ್ತೆ ಸ್ಟೆರಾಯ್ಡ್ ಕೊಟ್ಟಿದ್ದರು. ವರದಿ ಬಂತು. ಸತ್ತ ಜೀವಕೋಶಗಳು, ಹಳೆಯ ಬಾವು, ಕ್ಯಾನ್ಸರ್ ಕಾಣುತ್ತಿಲ್ಲ. ಮನೆಯಲ್ಲಿ ಎಲ್ಲರೂ ಅತ್ತೆವು, ಖುಷಿಗೆ. ಕ್ಷಯದ ಗುಳಿಗೆ ಶುರು ಮಾಡಿ ನೋಡೋಣ ಎಂಬ ಮಾತೂ ಬಂತು.

ಹೈದರಾಬಾದಿನ ರಕ್ತರೋಗ ತಜ್ಞೆಯೊಬ್ಬರ ಹತ್ತಿರ ಹೋಗಿದ್ದು ನಮ್ಮ ಪುಣ್ಯ. ಅವರು ವರದಿಯನ್ನು ಆಮೇಲೆ ನೋಡಿದರು. ಮೊದಲು ಕೇಳಿದ್ದು ಗುಳಿಗೆಯ ತಾರೀಕು. ಯಾವ ದಿನ ಶುರು, ಯಾವ ದಿನ ಕಣ್ಣು ನೆಟ್ಟಗಾಯಿತು, ಯಾವ ದಿನ ನಿಲ್ಲಿಸಿದಿರಿ, ಎಷ್ಟು ದಿನಕ್ಕೆ ವಾಪಸ್ ಬಂತು. ಕ್ಯಾಲೆಂಡರ್ ತೆಗೆದು ಒಂದೊಂದಾಗಿ ಗುರುತು ಹಾಕಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು.

ಲಿಂಫೋಮಾ ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಕೆಟ್ಟು ಬೆಳೆಯುವ ರೋಗ. ಆ ಕಣಗಳಿಗೆ ಸ್ಟೆರಾಯ್ಡ್ ತಗುಲಿದರೆ ಅವು ತಮ್ಮನ್ನು ತಾವೇ ಮುಗಿಸಿಕೊಳ್ಳುತ್ತವೆ. ಗಡ್ಡೆ ಕುಗ್ಗುತ್ತದೆ. ಆದರೆ ಎಲ್ಲವೂ ಸಾಯುವುದಿಲ್ಲ. ಅಡಗಿ ಉಳಿದವು ಮತ್ತೆ ಬೆಳೆಯುತ್ತವೆ. ಕುಗ್ಗಿರುವ ಹೊತ್ತಿನಲ್ಲಿ ತುಣುಕು ತೆಗೆದರೆ ಸಿಗುವುದು ಹೆಣಗಳು ಮತ್ತು ಹೆಣ ಎತ್ತಲು ಬಂದ ಕಣಗಳು ಮಾತ್ರ. ಅದನ್ನು ನೋಡಿದವರು ಬಾವು ಎಂದು ಬರೆಯುತ್ತಾರೆ. ಅವರ ತಪ್ಪೇನಿಲ್ಲ, ಅವರ ಮುಂದೆ ಇದ್ದದ್ದೇ ಅಷ್ಟು.

"ಮೊದಲು ತುಣುಕು, ಆಮೇಲೆ ಗುಳಿಗೆ. ನಿಮಗೆ ತಿರುಗಾಮುರುಗಾ ಆಗಿದೆ," ಎಂದರು.

ಸ್ಟೆರಾಯ್ಡ್ ಒಮ್ಮೆಲೇ ನಿಲ್ಲಿಸುವ ಹಾಗಿರಲಿಲ್ಲ. ಜಾಸ್ತಿ ದಿನ ತಿಂದವರ ಮೈ ತನ್ನ ಸ್ವಂತ ಸ್ಟೆರಾಯ್ಡ್ ಮಾಡುವುದನ್ನೇ ಮರೆತಿರುತ್ತದೆ. ದಿನದಿನಕ್ಕೆ ಇಳಿಸುತ್ತಾ ಬಂದರು. ನಂತರ ಕಾಯುವುದು. ರೋಗ ವಾಪಸ್ ಬರಲಿ ಎಂದು ಕಾಯುವುದಕ್ಕಿಂತ ಕಷ್ಟದ ದಿನ ನಾನು ನೋಡಿಲ್ಲ. ಅವ್ವನಿಗೆ ಬರೀ ನೋವಿನ ಗುಳಿಗೆ. ರಾತ್ರಿ ಗೋಡೆಗೆ ಒರಗಿ ಕೂತು ವಚನ ಹೇಳಿಕೊಳ್ಳುತ್ತಿದ್ದಳು. ನಾನು ಬೆಳಿಗ್ಗೆ ಎದ್ದ ಕೂಡಲೇ ಅವಳ ಕಣ್ಣನ್ನು ನೋಡುತ್ತಿದ್ದೆ. ಆಪತ್ತು ಕಂಡರೆ ತಡಮಾಡದೆ ಬನ್ನಿ ಎಂದೂ ಹೇಳಿದ್ದರು. ದೃಷ್ಟಿಗೇ ಅಪಾಯ ಬಂದರೆ ಕಾಯುವ ಮಾತಿಲ್ಲ, ಆಗ ಲೆಕ್ಕ ಬೇರೆ.

ಎರಡನೇ ಸಲ ತುಣುಕು ತೆಗೆದಾಗ ಆಪರೇಷನ್ ಕೋಣೆಯಲ್ಲೇ ಅದನ್ನು ಹೆಪ್ಪುಗಟ್ಟಿಸಿ, ಕೊಯ್ದು ನೋಡಿ, ಜೀವಂತ ಕೋಶಗಳಿವೆ ಎಂದು ಖಾತ್ರಿ ಮಾಡಿಕೊಂಡರು. ಹೆಚ್ಚಿನ ಪಾಲು, ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವಕ್ಕೆ ಹೋಯಿತು. ಸ್ವಲ್ಪವನ್ನು ಫಾರ್ಮಲಿನ್ ಸೋಕಿಸದೆ ಕ್ಷಯ ಮತ್ತು ಫಂಗಸ್ ಪರೀಕ್ಷೆಗೆ ಕಳಿಸಿದರು. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕ್ರಿಮಿಯನ್ನು ಬೆಳೆಸಿ ನೋಡಲು ಆಗುವುದಿಲ್ಲ. ಸಣ್ಣ ಮಾತು ಅನ್ನಿಸಬಹುದು. ಆದರೆ ಅಂಥ ಜಾಗದಿಂದ ಮತ್ತೆ ಮತ್ತೆ ತುಣುಕು ತೆಗೆಯಲು ಆಗದು. ತೆಗೆದ ಒಂದು ಚೂರು ನಾಲ್ಕೂ ಪ್ರಶ್ನೆಗೆ ಉತ್ತರ ಕೊಡಬೇಕು.

ಈ ಸಲ ಬಣ್ಣ ಹಾಕಿ ನೋಡಿದರು. ಇಮ್ಯುನೋ ಪರೀಕ್ಷೆ ಅನ್ನುತ್ತಾರೆ. ಜೀವಕೋಶದ ಮೇಲೆ ಯಾವ ಗುರುತು ಇದೆಯೋ ಅದಕ್ಕೆ ತಕ್ಕ ಕಲೆ ಕಂದುಬಣ್ಣದಲ್ಲಿ ಮೂಡುತ್ತದೆ. ಸಿಡಿ20 ಎಂಬ ಗುರುತು ತುಂಬಿ ತುಳುಕುತ್ತಿತ್ತು. ಕೆಐ-67 ಎಂಬುದು ಎಷ್ಟು ಕೋಶಗಳು ಒಡೆದು ಎರಡಾಗುವ ತಯಾರಿಯಲ್ಲಿವೆ ಎಂದು ಹೇಳುತ್ತದೆ. ಅವ್ವನದು ಶೇಕಡ 80. ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ ಎಂದು ಹೆಸರು ಬಂತು. ಲಿಂಫೋಮಾಗಳಲ್ಲಿ ಇದೇ ಹೆಚ್ಚಾಗಿ ಕಾಣುವ ಜಾತಿ. ಅಪರೂಪ ಅಂದರೆ ಅದು ಹುಟ್ಟಿದ ಜಾಗ. ಕುತ್ತಿಗೆಯ ಗಂಟಿನಲ್ಲಿ ಬಂದಿದ್ದರೆ ಯಾರಾದರೂ ಬೇಗ ಹಿಡಿಯುತ್ತಿದ್ದರು.

ನನ್ನ ತಮ್ಮ ಸಿಟ್ಟಿನಿಂದ ಕೇಳಿದ. "ಗಡ್ಡಿ ಪೂರ್ತಿ ಯಾಕ ತೆಗೀಲಿಲ್ಲ? ಚೂರ ಯಾಕ ತೆಗೆದ್ರಿ?" ನಮ್ಮ ಮಂದಿಯೆಲ್ಲ ಕೇಳುವ ಪ್ರಶ್ನೆ ಅದು. ಕಲ್ಲಿನಂಥ ಗಡ್ಡೆಗೆ ಆ ಮಾತು ಸರಿ. ಲಿಂಫೋಮಾ ನೀರಿನಂತೆ ನರಗಳ ಸಂದಿಯಲ್ಲಿ ಹರಡಿರುತ್ತದೆ. ಕೆರೆದು ತೆಗೆಯಲು ಹೋದರೆ ನರ ಹೋಗುತ್ತದೆ, ರೋಗ ಉಳಿಯುತ್ತದೆ. ಔಷಧಿಗೆ ಕರಗುವುದನ್ನು ಕತ್ತಿಯಿಂದ ಯಾಕೆ ತೆಗೆಯಬೇಕು? ಚೂರು ತೆಗೆಯುವುದು ಹೆಸರು ತಿಳಿಯಲಿಕ್ಕೆ, ಅಷ್ಟೇ.

ಚಿಕಿತ್ಸೆ ಶುರು ಮಾಡುವ ಮುಂಚೆ, ಸಕ್ಕರೆ ಜಾಸ್ತಿ ತಿನ್ನುವ ಜಾಗಗಳನ್ನು ಬೆಳಗಿಸಿ ತೋರಿಸುವ ಪೆಟ್ ಸ್ಕ್ಯಾನ್, ಬೆನ್ನಿನಿಂದ ನೀರು ತೆಗೆದು ಪರೀಕ್ಷೆ, ಹೃದಯದ ಎಕೋ, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ. ಹೆಪಟೈಟಿಸ್ ಯಾಕೆ ಎಂದು ಕೇಳಿದೆ. ರಿಟುಕ್ಸಿಮ್ಯಾಬ್ ಎಂಬ ಔಷಧಿ ಕೊಟ್ಟಾಗ ಲಿವರ್‌ನಲ್ಲಿ ಮಲಗಿದ್ದ ವೈರಸ್ ಎದ್ದು ಕೂರಬಹುದಂತೆ. ಮೊದಲೇ ಗೊತ್ತಿದ್ದರೆ ತಡೆಯಲು ಗುಳಿಗೆ ಇದೆ. ಬೆನ್ನುನೀರು ಶುದ್ಧವಿತ್ತು. ರೋಗ ಆ ಒಂದೇ ಜಾಗದಲ್ಲಿತ್ತು.

ಚಿಕಿತ್ಸೆಯ ಹೆಸರು ಆರ್-ಚಾಪ್. ಐದು ಔಷಧಿಗಳ ಮೊದಲಕ್ಷರ, ಕೆಲವಕ್ಕೆ ಅವುಗಳ ಇನ್ನೊಂದು ಹೆಸರಿನಿಂದ. 21 ದಿನಕ್ಕೆ ಒಂದು ಸುತ್ತು, ಒಟ್ಟು ಆರು. ರಿಟುಕ್ಸಿಮ್ಯಾಬ್ ಸಿಡಿ20 ಗುರುತನ್ನು ಹುಡುಕಿ ಹಿಡಿಯುವ ಪ್ರತಿಕಾಯ. ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕ ಔಷಧಿ. ಇದೇ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲಿ ಅದರ ಬಯೋಸಿಮಿಲರ್, ಅಂದರೆ ಅದನ್ನೇ ಹೋಲುವ ಔಷಧಿ, ತಂದಿತು. ಅದು ಬರದಿದ್ದರೆ ನಮ್ಮಂಥವರ ಕೈಗೆ ಈ ಔಷಧಿ ಸುಲಭಕ್ಕೆ ಎಟುಕುತ್ತಿರಲಿಲ್ಲ. ಮೊದಲ ಸಲ ಹನಿ ಹನಿಯಾಗಿ ಗಂಟೆಗಟ್ಟಲೆ ಬಿಟ್ಟರು. ಆದರೂ ಅವ್ವನಿಗೆ ನಡುಕ ಬಂತು, ನಿಲ್ಲಿಸಿ ಮತ್ತೆ ಬಿಟ್ಟರು. ಡಾಕ್ಸೊರುಬಿಸಿನ್ ಕೆಂಪು. ಮಾರನೇ ದಿನ ಮೂತ್ರವೂ ಕೆಂಪು. ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ವಿನ್‌ಕ್ರಿಸ್ಟಿನ್ ಬರುವುದು ನಮ್ಮ ಅಂಗಳದ ಸದಾಪುಷ್ಪದ ಗಿಡದಿಂದ. ಇದನ್ನು ಯಾರೋ ಎಲ್ಲೋ ಓದಿ, ಆ ಎಲೆಯ ಕಷಾಯ ಕುಡಿಸಿ ಎಂದು ಹೇಳಲು ಮನೆಗೇ ಬಂದರು. ದಯವಿಟ್ಟು ಹಾಗೆ ಮಾಡಬೇಡಿ. ಗಿಡದಲ್ಲಿ ಆ ಔಷಧಿ ಇರುವುದು ಕಣದಷ್ಟು. ಉಳಿದದ್ದು ಬೇರೆ ವಿಷ.

ಐದನೆಯದರ ಹೆಸರು ಕೇಳಿ ನನಗೆ ಮಾತು ನಿಂತಿತು. ಪ್ರೆಡ್ನಿಸೊಲೋನ್. ಅದೇ ಸ್ಟೆರಾಯ್ಡ್. ಏಪ್ರಿಲ್‌ನಲ್ಲಿ ಅವ್ವ ತಿಂದಿದ್ದ ಅದೇ ಬಿಳಿ ಗುಳಿಗೆ. ಈಗ ದಿನಕ್ಕೆ 100 ಮಿಲಿಗ್ರಾಂ, ಪ್ರತಿ ಸುತ್ತಿಗೂ ಐದು ದಿನ. ನಾವು ಶಪಿಸಿದ್ದ ಗುಳಿಗೆಯನ್ನೇ ನಾನು ನನ್ನ ಕೈಯಾರೆ ಅವಳಿಗೆ ನೀರಿನ ಜೊತೆ ಕೊಟ್ಟೆ. ಅದು ಕೆಟ್ಟ ಔಷಧಿ ಅಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದಿತ್ತು. ಆ ಐದು ದಿನ ಸಕ್ಕರೆ 300 ದಾಟುತ್ತಿತ್ತು, ಇನ್ಸುಲಿನ್ ಹೆಚ್ಚಿಸಬೇಕಾಗುತ್ತಿತ್ತು.

ರೋಗ ಮೆದುಳಿನ ಮಗ್ಗುಲಲ್ಲೇ ಇದ್ದದ್ದರಿಂದ ಒಳಗೆ ನುಗ್ಗೀತು ಎಂಬ ಹೆದರಿಕೆ. ಅದಕ್ಕೆ ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಕೀಮೋ ಔಷಧಿಯನ್ನೂ ಕೊಟ್ಟರು. ಇದರಿಂದ ಎಷ್ಟು ಲಾಭ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ ಎಂದು ಅವರೇ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಪ್ರಾಮಾಣಿಕತೆ ನನಗೆ ಧೈರ್ಯ ಕೊಟ್ಟಿತು.

ಮೊದಲ ಎರಡು ಸುತ್ತು ಹೈದರಾಬಾದಿನಲ್ಲಿ. ರೈಲಿನಲ್ಲಿ ರೊಟ್ಟಿ ಗಂಟು, ಶೇಂಗಾ ಹಿಂಡಿ, ಅವ್ವನ ತಲೆಗೆ ಸುತ್ತಿದ ಹತ್ತಿ ಬಟ್ಟೆ. ಹಸಿ ತರಕಾರಿ ಬೇಡ ಎಂದಿದ್ದರಿಂದ ಉಳ್ಳಾಗಡ್ಡಿಯೂ ಇಲ್ಲದ ಊಟ. ಉಳಿದ ನಾಲ್ಕು ಸುತ್ತು ಕಲಬುರಗಿಯಲ್ಲೇ ಆದವು. ಕೀಮೋ ಅಂದ ಕೂಡಲೇ ನಮ್ಮ ಮಂದಿ ಸೊಲ್ಲಾಪುರ, ಬಾರ್ಶಿ, ಹೈದರಾಬಾದ್, ಬೆಂಗಳೂರು ಎಂದು ಗಂಟು ಕಟ್ಟುತ್ತಾರೆ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕ ನಮ್ಮೂರಲ್ಲೇ ಇದೆ ಎಂಬುದು ಓಣಿಯಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ರೋಗ ಗುರುತಿಸಲು ದೂರ ಹೋಗಬೇಕಾಗಬಹುದು. ಹೆಸರು ಸಿಕ್ಕ ಮೇಲೆ ಹತ್ತಿರ ಏನು ಸಿಗುತ್ತದೆ ಎಂದು ಒಮ್ಮೆ ಕೇಳಿ ನೋಡಿ.

ಎರಡನೇ ಸುತ್ತಿನ ಹೊತ್ತಿಗೆ ರೆಪ್ಪೆ ಎದ್ದಿತು. ಮೂರನೆಯದಕ್ಕೆ ಕಣ್ಣು ಹೊರಗೆ ತಿರುಗಿತು. ಈ ಸಲ ನಾವು ಕಾಯಿ ಒಡೆಸಲು ಓಡಲಿಲ್ಲ. ಕೊನೆಯ ಪೆಟ್ ಸ್ಕ್ಯಾನ್‌ವರೆಗೂ ಕಾದೆವು. ಮೆದುಳು ತಾನೇ ಸಕ್ಕರೆ ಜಾಸ್ತಿ ತಿನ್ನುವುದರಿಂದ ಪೆಟ್‌ನಲ್ಲಿ ಯಾವಾಗಲೂ ಉರಿಯುತ್ತಿರುತ್ತದೆ. ಅದರ ಪಕ್ಕದ ಮೂಳೆಯನ್ನು ಓದುವುದು ದೀಪದ ಪಕ್ಕ ಮಿಣುಕುಹುಳ ಹುಡುಕಿದಂತೆ. ಅದಕ್ಕೇ ಎಂಆರ್‌ಐ ಕೂಡ ಜೊತೆಗಿಟ್ಟು ನೋಡಿದರು. ಎರಡರಲ್ಲೂ ರೋಗ ಕಾಣಲಿಲ್ಲ.

ಮೇಲ್ತುಟಿಯ ಎಡಭಾಗ ಮಾತ್ರ ಇನ್ನೂ ಜೋಮು. ತುಂಬಾ ದಿನ ಒತ್ತಡದಲ್ಲಿದ್ದ ನರ. ಪೂರ್ತಿ ಬರಬಹುದು, ಬರದೆಯೂ ಇರಬಹುದು. ಊಟ ಆದ ಮೇಲೆ ಅವ್ವ ಅಲ್ಲಿ ಸೆರಗಿನಿಂದ ಒರೆಸಿಕೊಳ್ಳುತ್ತಾಳೆ, ಏನೂ ಅಂಟಿರದಿದ್ದರೂ.

ಆಸ್ಪತ್ರೆಯವರು ನಮಗೆ ಒಂದು ಸಣ್ಣ ಡಬ್ಬಿ ಕೊಟ್ಟಿದ್ದಾರೆ. ಅದರಲ್ಲಿ ಗಾಜಿನ ಸ್ಲೈಡುಗಳು ಮತ್ತು ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಮೇಣದ ಬಿಲ್ಲೆ. ಅವ್ವನ ಆ ತುಣುಕು ಮೇಣದೊಳಗೆ ಇದೆ. ಜೋಪಾನವಾಗಿ ಇಟ್ಟುಕೊಳ್ಳಿ ಎಂದಿದ್ದಾರೆ. ಮುಂದೆ ಯಾವತ್ತಾದರೂ ಹೊಸ ಪರೀಕ್ಷೆ ಬೇಕಾದರೆ ಅದರಿಂದಲೇ ಕೊಯ್ದು ನೋಡುತ್ತಾರೆ. ಮೊದಲ ಸಲ ತೆಗೆದ ತುಣುಕಿನ ಬಿಲ್ಲೆ ತರಲು ನಾವು ಆ ದೊಡ್ಡ ಊರಿಗೆ ಎರಡು ಸಲ ಓಡಾಡಿದ್ದೆವು. ಅದಕ್ಕೇ ಇದನ್ನು ಹೊಲದ ಪಹಣಿ, ಅವ್ವನ ಬಂಗಾರದ ಜೊತೆ ಅಲಮಾರಿಯಲ್ಲಿ ಇಟ್ಟೆ.

ಮೊನ್ನೆ ಬಿಸಿಲು 43 ದಾಟಿತ್ತು. ಮಧ್ಯಾಹ್ನ ಕಾಲೇಜಿನಿಂದ ಬಂದು ನೋಡಿದರೆ ಡಬ್ಬಿ ಅಲಮಾರಿಯಲ್ಲಿ ಇರಲಿಲ್ಲ. ಅವ್ವ ಅದನ್ನು ತೆಗೆದು ನೀರಿನ ಗಡಿಗೆಯ ಪಕ್ಕ, ಒದ್ದೆ ತಾಗದಂತೆ ಒಂದು ಮಣೆಯ ಮೇಲೆ ಇಟ್ಟಿದ್ದಳು.

"ಮೇಣ ಅಲ್ಲೇನವ್ವ ಅದು? ಬಿಸಲಿಗಿ ಕರಗಿ ಹೋದ್ರ ಮತ್ತ ಮೂಗಿನಾಗ ಹಾಕ್ತಾರ," ಅಂದಳು.

ಆ ಮೇಣ ಕರಗಲು 55 ಡಿಗ್ರಿಗಿಂತ ಜಾಸ್ತಿ ಬೇಕು ಎಂದು ಹೇಳಿದೆ. ಹೂಂ ಅಂದಳು. ಡಬ್ಬಿಯನ್ನು ಮಾತ್ರ ಅಲ್ಲೇ ಬಿಟ್ಟಳು.